ಗಾದಿ ತಪ್ಪಿದವರ ಚರಿತ್ರೆ

1969ರ ಆಗಸ್ಟ್ 20ರಂದು ನಡೆದ ರಾಷ್ಟ್ರಪತಿ ಚುನಾವಣೆಯ ಮತ ಎಣಿಕೆ ಮೊದಲ ಸುತ್ತಿಗೇ ಮುಗಿಯಲಿಲ್ಲ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ವಿ.ವಿ. ಗಿರಿಯವರಿಗೆ 4,01,515, ನೀಲಂ ಸಂಜೀವ ರೆಡ್ಡಿಯವರಿಗೆ 3,13,548, ಸಿ.ಡಿ. ದೇಶ್‌ಮುಖ್ ಅವರಿಗೆ 1,12,769 ಬಂದಿದ್ದವು. ಗೆಲ್ಲಲು ಬೇಕಿದ್ದದ್ದು 4,18,169. ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಹಂಚಿದ ಮೇಲೆ ಗಿರಿ 4,20,077ಕ್ಕೂ ರೆಡ್ಡಿ 4,05,427ಕ್ಕೂ ಬಂದು ನಿಂತರು. ಅಂತರ 14,650. ಆಗ ಒಬ್ಬ ಸಂಸದರ ಮತದ ಮೌಲ್ಯ 576. ಗಿರಿಯವರ ಕಡೆಯಿದ್ದ 13 ಸಂಸದರು ರೆಡ್ಡಿಯವರ ಕಡೆಗೆ ವಾಲಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು.

ಹಾಗಾಗಿದ್ದರೆ ಏನಾಗುತ್ತಿತ್ತು? ಭಾರತದ ರಾಷ್ಟ್ರಪತಿಗಳ ಸರಣಿಯಲ್ಲಿ ಈ ಪ್ರಶ್ನೆ ಕೇಳಬಹುದಾದ ಜಾಗಗಳು ಹತ್ತಕ್ಕೂ ಹೆಚ್ಚಿವೆ. 1950ರಲ್ಲಿ ರಾಜೇಂದ್ರ ಪ್ರಸಾದರ ಬದಲು ರಾಜಾಜಿ, 1969ರಲ್ಲಿ ಜಗಜೀವನ್ ರಾಮ್, 1977ರಲ್ಲಿ ರುಕ್ಮಿಣೀದೇವಿ ಅರುಂಡೇಲ್, 2002ರಲ್ಲಿ ಕೃಷ್ಣಕಾಂತ್, 2012ರಲ್ಲಿ ಮನಮೋಹನ್ ಸಿಂಗ್: ಈ ಒಂದೊಂದು ಹೆಸರೂ ರಾಷ್ಟ್ರಪತಿ ಭವನದ ಬಾಗಿಲವರೆಗೆ ಬಂದು ಮರಳಿದ್ದು. ಸಾಮಾನ್ಯವಾಗಿ ಈ ಬಗೆಯ ಚರ್ಚೆ ‘ಅವರಿದ್ದಿದ್ದರೆ ಸಹಿ ಹಾಕುತ್ತಿರಲಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಎಪ್ಪತ್ತು ವರ್ಷಗಳ ಸರಣಿಯನ್ನು ಒಟ್ಟಿಗೆ ಹರವಿಕೊಂಡು ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಗಾದಿಯ ಮೇಲೆ ಕುಳಿತವರು ದೇಶದ ದಾರಿ ಬದಲಿಸಿದ್ದು ಅಪರೂಪ. ಗಾದಿ ತಪ್ಪಿದವರು ಹೊರಗುಳಿದು ಮಾಡಿದ ರಾಜಕಾರಣವೇ ಹಲವು ಸಲ ದಾರಿ ಬದಲಿಸಿದೆ.

ಆಟಕ್ಕೂ ನಿಯಮ ಬೇಕು

‘ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು’ ಎಂದು ನಮ್ಮವರು ಇಂಥ ಊಹೆಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಇತಿಹಾಸಕಾರ ಇ.ಎಚ್. ಕಾರ್ ಅವರಿಗೂ ಇದು ಹೊತ್ತು ಕಳೆಯುವ ಆಟವಾಗಿಯೇ ಕಂಡಿತ್ತು. ಆದರೂ ಕೆಲವು ನಿಯಮಗಳಿಗೆ ಕಟ್ಟುಬಿದ್ದು ಆಡಿದರೆ, ನಿಜವಾಗಿ ನಡೆದದ್ದರಲ್ಲಿ ಯಾವುದಕ್ಕೆ ಎಷ್ಟು ತೂಕವಿತ್ತು ಎಂಬುದನ್ನು ಈ ಆಟ ತೋರಿಸಿಕೊಡಬಲ್ಲದು.

ಮೊದಲ ನಿಯಮ, ಬದಲಿಸುವ ಸಂಗತಿ ಚಿಕ್ಕದಿರಬೇಕು. ಆ ಕಾಲದ ಜನಕ್ಕೂ ಅದು ಸಾಧ್ಯವೆಂದು ಕಂಡಿರಬೇಕು. 1967ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹುದ್ದೆ ಬಿಟ್ಟು ವಿರೋಧ ಪಕ್ಷಗಳ ಅಭ್ಯರ್ಥಿಯಾದ ಕೆ. ಸುಬ್ಬರಾವ್ ಗೆದ್ದಿದ್ದರೆ ಎಂಬುದು ಆಕರ್ಷಕ ಪ್ರಶ್ನೆಯೇ. ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ಸಂಸತ್ತಿಗಿಲ್ಲ ಎಂದು ಗೋಲಕನಾಥ್ ಪ್ರಕರಣದಲ್ಲಿ ತೀರ್ಪಿತ್ತವರು ಅವರು. ಆದರೆ ಅವರಿಗೆ ಬಂದದ್ದು 3,63,971, ಜಾಕಿರ್ ಹುಸೇನರಿಗೆ 4,71,244. ಒಂದು ಲಕ್ಷ ಮೀರಿದ ಅಂತರವನ್ನು ಊಹೆಯಿಂದ ಅಳಿಸುವುದು ಚರಿತ್ರೆಯಾಗದು, ಕಥೆಯಾದೀತು. 1987ರ ವಿ.ಆರ್. ಕೃಷ್ಣ ಅಯ್ಯರ್, 2002ರ ಲಕ್ಷ್ಮಿ ಸೆಹಗಲ್ ಅವರ ಸ್ಪರ್ಧೆಗಳನ್ನೂ ಇದೇ ಕಾರಣಕ್ಕೆ ಬದಿಗಿಡಬೇಕು.

ಎರಡನೆಯ ನಿಯಮ ಪಂಚಾಂಗದ್ದು. ರಾಷ್ಟ್ರಪತಿಯ ಅವಧಿ ಐದು ವರ್ಷ. 1969ರಲ್ಲಿ ಸಂಜೀವ ರೆಡ್ಡಿ ಗೆದ್ದಿದ್ದರೆ ತುರ್ತು ಪರಿಸ್ಥಿತಿ ಬರುತ್ತಲೇ ಇರಲಿಲ್ಲ ಎಂದು ವಾದಿಸುವವರು ತಾರೀಖು ನೋಡಿರುವುದಿಲ್ಲ. ಆ ಅವಧಿ 1974ರ ಆಗಸ್ಟಿಗೇ ಮುಗಿಯುತ್ತಿತ್ತು. 1975ರ ಜೂನ್ 25ರ ರಾತ್ರಿ ಭವನದಲ್ಲಿ ಹೇಗೂ ಬೇರೆಯವರೇ ಇರುತ್ತಿದ್ದರು.

ಮೂರನೆಯದು ನಮ್ಮ ಸಂವಿಧಾನದ ಏರ್ಪಾಡು. ಅಮೆರಿಕದಲ್ಲಿ ಅಧ್ಯಕ್ಷರು ತೀರಿಕೊಂಡರೆ ಉಪಾಧ್ಯಕ್ಷರು ಉಳಿದ ಅವಧಿಯನ್ನೆಲ್ಲ ಆಳುತ್ತಾರೆ. 1945ರ ಜನವರಿ 20ರವರೆಗೆ ಅಲ್ಲಿ ಉಪಾಧ್ಯಕ್ಷರಾಗಿದ್ದವರು ಹೆನ್ರಿ ವಾಲೆಸ್. ರೂಸ್‌ವೆಲ್ಟ್ ತೀರಿಕೊಂಡದ್ದು ಏಪ್ರಿಲ್ 12ರಂದು. 82 ದಿನಗಳ ಅಂತರದಲ್ಲಿ ಅಣುಬಾಂಬಿನ ನಿರ್ಧಾರ ಟ್ರೂಮನ್ ಕೈಗೆ ಹೋಯಿತು. ನಮ್ಮಲ್ಲಿ ಉಪರಾಷ್ಟ್ರಪತಿ ಹಂಗಾಮಿ ಮಾತ್ರ. ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. ಹಾಗಾಗಿ ಅಮೆರಿಕದ ಪರ್ಯಾಯ ಚರಿತ್ರೆಗೆ ಒಂದು ಸಾವು ಸಾಕಾದರೆ ನಮ್ಮದಕ್ಕೆ ಸಾವಿನ ಜೊತೆ ಪಕ್ಷದೊಳಗಿನ ಒಂದು ಜಗಳವೂ ಬೇಕು.

ರಾಜಾಜಿ ಬರಲಿಲ್ಲ, ಕಾಮರಾಜರು ಬಂದರು

ಸರಣಿಯ ಮೊದಲ ಕವಲು 1949ರದು. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರೇ ಗಣರಾಜ್ಯದ ಮೊದಲ ರಾಷ್ಟ್ರಪತಿಯಾಗಲಿ ಎಂಬುದು ನೆಹರೂ ಅವರ ಆಸೆ. ಆ ಸೆಪ್ಟೆಂಬರಿನಲ್ಲಿ ರಾಜೇಂದ್ರ ಪ್ರಸಾದರಿಗೆ ಪತ್ರ ಬರೆದು ಹಿಂದೆ ಸರಿಯುವಂತೆ ಸೂಚಿಸಿಯೂ ಇದ್ದರು. ಪ್ರಸಾದರು ನೊಂದುಕೊಂಡರು. 1942ರ ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ನಿಂತ ರಾಜಾಜಿಯನ್ನು ಕಾಂಗ್ರೆಸ್ಸಿನ ಸದಸ್ಯರು ಕ್ಷಮಿಸಿರಲಿಲ್ಲ. ಪಟೇಲರ ಒಲವೂ ಪ್ರಸಾದರ ಕಡೆಗಿತ್ತು. 1950ರ ಜನವರಿ 24ರಂದು ಪ್ರಸಾದರು ಅವಿರೋಧವಾಗಿ ಆಯ್ಕೆಯಾದರು.

ಈಗ ಹೆಸರು ಬದಲಿಸಿ ನೋಡೋಣ. ರಾಷ್ಟ್ರಪತಿ ಭವನದೊಳಗೆ ಆಗುವ ವ್ಯತ್ಯಾಸ ನಾವೆಣಿಸುವಷ್ಟು ದೊಡ್ಡದಲ್ಲ. ಪ್ರಸಾದರು 1951ರಲ್ಲಿ ಹಿಂದೂ ಸಂಹಿತೆ ಮಸೂದೆಯ ಬಗ್ಗೆ ಸ್ವಂತ ವಿವೇಚನೆಯಿಂದ ನಡೆಯುವ ಇಂಗಿತ ತೋರಿದರು. ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಅವರು ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧ ಎಂದರು. ಪ್ರಸಾದರು ಅದನ್ನು ಮೀರಲಿಲ್ಲ. ಪ್ರಶ್ನೆ ಎತ್ತಿಯೂ ಮಣಿದ ಮೊದಲ ರಾಷ್ಟ್ರಪತಿಯಿಂದಾಗಿ ಒಂದು ಸಂಪ್ರದಾಯ ಗಟ್ಟಿಯಾಯಿತು. ರಾಜಾಜಿಯಂಥ ಚಾಣಾಕ್ಷ ಅಲ್ಲಿದ್ದಿದ್ದರೆ ಪ್ರಶ್ನೆ ಇಷ್ಟು ನೇರವಾಗಿ ಏಳದೆ, ಇತ್ಯರ್ಥವೂ ಆಗದೆ ಮುಂದಿನವರಿಗೆ ದಾಟಿಬಿಡುವ ಸಾಧ್ಯತೆಯಿತ್ತು.

ಹೊರಗೆ ಆಗುವ ವ್ಯತ್ಯಾಸ ಮಾತ್ರ ಭಾರಿ. ಗಾದಿ ತಪ್ಪಿದ ರಾಜಾಜಿ ಕೇಂದ್ರ ಮಂತ್ರಿಯಾದರು. ಆಮೇಲೆ, 1952ರ ಚುನಾವಣೆಯಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿಗೆ ಬಹುಮತ ಸಿಗದೆ ಹೋದಾಗ, ಅಲ್ಲಿ ಮುಖ್ಯಮಂತ್ರಿಯಾದರು. 1953ರಲ್ಲಿ ಅವರು ತಂದ ಪ್ರಾಥಮಿಕ ಶಿಕ್ಷಣ ಯೋಜನೆ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂದಿತು. ‘ಕುಲ ಕಲ್ವಿ’ ಎಂದು ಅದನ್ನು ಜರೆದ ದ್ರಾವಿಡ ಚಳವಳಿಗೆ ಹೊಸ ಕಸುವು ಬಂತು. ಕಾಂಗ್ರೆಸ್ಸಿನೊಳಗೂ ವಿರೋಧ ಎದ್ದು 1954ರ ಏಪ್ರಿಲ್‌ನಲ್ಲಿ ರಾಜಾಜಿ ಕೆಳಗಿಳಿದರು, ಕಾಮರಾಜ್ ಮುಖ್ಯಮಂತ್ರಿಯಾದರು. ಕಾಮರಾಜ್ ಮುಂದೆ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ 1964ರಲ್ಲಿ ಶಾಸ್ತ್ರಿಯವರನ್ನೂ 1966ರಲ್ಲಿ ಇಂದಿರಾ ಗಾಂಧಿಯವರನ್ನೂ ಪ್ರಧಾನಿ ಪಟ್ಟಕ್ಕೆ ತಂದವರು. 1959ರಲ್ಲಿ ರಾಜಾಜಿ ಮುಂದೆ ನಿಂತು ಕಟ್ಟಿದ ಸ್ವತಂತ್ರ ಪಕ್ಷ 1967ರ ಲೋಕಸಭೆಯಲ್ಲಿ 44 ಸ್ಥಾನ ಪಡೆದು ಅತಿದೊಡ್ಡ ವಿರೋಧ ಪಕ್ಷವಾಯಿತು.

ಕಾಮರಾಜರು ಬೇರೆ ದಾರಿಯಿಂದಲೂ ಮೇಲೇರುತ್ತಿದ್ದರು ಎನ್ನಬಹುದು; ತಮಿಳುನಾಡಿನ ಕಾಂಗ್ರೆಸ್ ಆಗಲೇ ಅವರ ಹಿಡಿತದಲ್ಲಿತ್ತು. ಸ್ವತಂತ್ರ ಪಕ್ಷದಲ್ಲಿದ್ದ ಮಸಾನಿ, ರಂಗಾ ಅವರಂಥವರು ರಾಜಾಜಿ ಇಲ್ಲದೆಯೂ ಒಂದು ಪಕ್ಷ ಕಟ್ಟುತ್ತಿದ್ದರೇನೋ. ಆದರೂ 1950ರಿಂದ 1966ರವರೆಗಿನ ಈ ಎಳೆಯ ಒಂದು ಗಂಟೂ ರಾಷ್ಟ್ರಪತಿ ಭವನದೊಳಗೆ ಬಿದ್ದದ್ದಲ್ಲ.

ಬೆಂಗಳೂರಿನ ಜುಲೈ

1969ರ ಕಥೆ ನಿಜವಾಗಿ ಶುರುವಾಗುವುದು 1967ರಲ್ಲಿ. ಡಾ. ರಾಧಾಕೃಷ್ಣನ್ ಮತ್ತೊಂದು ಅವಧಿಗೆ ಮುಂದುವರಿಯಲಿ ಎಂಬುದು ಕಾಮರಾಜರ ಮನಸ್ಸಿನಲ್ಲಿತ್ತು. ಇಂದಿರಾ ಅವರಿಗೆ ಜಾಕಿರ್ ಹುಸೇನ್ ಬೇಕಿತ್ತು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್, 78ರ ವಯಸ್ಸಿನಲ್ಲಿ, ತಾವಾಗಿಯೇ ಹಿಂದೆ ಸರಿದರು. ಅವರಿಗಿಂತ ಸುಮಾರು ಎಂಟೂವರೆ ವರ್ಷ ಚಿಕ್ಕವರಾದ ಜಾಕಿರ್ ಹುಸೇನ್ ಎರಡೇ ವರ್ಷದಲ್ಲಿ, 1969ರ ಮೇ 3ರಂದು, ಹೃದಯಾಘಾತದಿಂದ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ರಾಧಾಕೃಷ್ಣನ್ ಬದುಕಿದ್ದು 1975ರ ಏಪ್ರಿಲ್‌ವರೆಗೆ. ಅವರು ಮುಂದುವರಿದಿದ್ದರೆ ಮುಂದಿನ ರಾಷ್ಟ್ರಪತಿ ಚುನಾವಣೆ 1972ಕ್ಕೆ ಹೋಗುತ್ತಿತ್ತು. ಕಾಂಗ್ರೆಸ್ ಒಡೆಯಲು 1969ರ ಆ ನೆಪವೇ ಸಿಗುತ್ತಿರಲಿಲ್ಲ. ಇಂದಿರಾ ಮತ್ತು ಪಕ್ಷದ ಹಿರಿಯರ ನಡುವಿನ ಜಗಳ ಇದ್ದೇ ಇತ್ತು, ಇನ್ನೊಂದು ನೆಪ ಹುಡುಕಿಕೊಳ್ಳುತ್ತಿತ್ತು. ಆದರೆ ರಾಜಕೀಯದಲ್ಲಿ ಜಗಳದ ವೇಳೆ ಬದಲಾದರೆ ಗೆಲ್ಲುವವರೂ ಬದಲಾಗುತ್ತಾರೆ.

1969ರ ಜುಲೈಯಲ್ಲಿ ಕಾಂಗ್ರೆಸ್ ಅಧಿವೇಶನಕ್ಕೆ ಲಾಲ್‌ಬಾಗಿನ ಗಾಜಿನ ಮನೆ ಸಜ್ಜಾಯಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಸಂಸದೀಯ ಮಂಡಳಿಯಲ್ಲಿ ಇಂದಿರಾ ಸೂಚಿಸಿದ ಹೆಸರು ಜಗಜೀವನ್ ರಾಮ್. ‘ಸಿಂಡಿಕೇಟ್’ ಎಂದು ಕರೆಸಿಕೊಂಡ ಹಿರಿಯರ ಗುಂಪು ಸಂಜೀವ ರೆಡ್ಡಿಯವರನ್ನು ಮುಂದಿಟ್ಟಿತು. ವೈ.ಬಿ. ಚವ್ಹಾಣ್ ಹಿರಿಯರ ಕಡೆ ನಿಂತು ಬಹುಮತ ರೆಡ್ಡಿಯವರಿಗೆ ಸಿಕ್ಕಿತು. ದಿಲ್ಲಿಗೆ ಮರಳಿದ ಇಂದಿರಾ ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಆ ಪಟ್ಟಿಯಲ್ಲಿದ್ದವು. ಅದಕ್ಕೆ ಅಂಕಿತ ಹಾಕಿದ ಹಂಗಾಮಿ ರಾಷ್ಟ್ರಪತಿ, ಎರಡು ವರ್ಷ ಹಿಂದಿನವರೆಗೂ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ, ಮರುದಿನವೇ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾದರು. ಇಂದಿರಾ ಬಣ ‘ಆತ್ಮಸಾಕ್ಷಿಯ ಮತ’ ಎಂಬ ಘೋಷಣೆ ಎತ್ತಿತು.

ರಾಷ್ಟ್ರಪತಿ, ಉಪರಾಷ್ಟ್ರಪತಿ ಇಬ್ಬರೂ ಇಲ್ಲದಾದಾಗ ಯಾರು ಎಂಬ ಪ್ರಶ್ನೆಗೆ ಸಂಸತ್ತು ಎರಡು ತಿಂಗಳ ಹಿಂದಷ್ಟೇ ಕಾನೂನು ಮಾಡಿ ಉತ್ತರ ಕೊಟ್ಟಿತ್ತು. ಅದರಂತೆ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಜುಲೈ 20ರಿಂದ ಆಗಸ್ಟ್ 24ರವರೆಗೆ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು. ಅಮೆರಿಕದ ಅಧ್ಯಕ್ಷ ನಿಕ್ಸನ್ ಭಾರತಕ್ಕೆ ಬಂದಾಗ ಬರಮಾಡಿಕೊಂಡದ್ದು ಅವರೇ. ಸುಗ್ರೀವಾಜ್ಞೆಯ ಜಾಗಕ್ಕೆ ಬಂದ ಬ್ಯಾಂಕ್ ಕಾಯ್ದೆಗೆ ಅಂಕಿತ ಹಾಕಿದ್ದರಿಂದ, ಅದರ ವಿರುದ್ಧದ ಮೊಕದ್ದಮೆಯ ಪೀಠದಲ್ಲಿ ಅವರು ಕೂರಲಿಲ್ಲ.

ಈಗ ಆ 13 ಸಂಸದರನ್ನು ಆಚೆ ದಡಕ್ಕೆ ಕಳಿಸೋಣ. ಸಂಜೀವ ರೆಡ್ಡಿ ರಾಷ್ಟ್ರಪತಿ. ಅವರು ಇಂದಿರಾರನ್ನು ಇಳಿಸಿ ಮೊರಾರ್ಜಿಯವರನ್ನು ಕರೆಯುತ್ತಿದ್ದರು ಎಂಬ ಭಯ ಇಂದಿರಾ ಬಣದಲ್ಲಿತ್ತು. ಲೋಕಸಭೆಯಲ್ಲಿ ಬಹುಮತ ಇರುವವರೆಗೂ ರಾಷ್ಟ್ರಪತಿಗೆ ಆ ದಾರಿ ತೆರೆದಿರಲಿಲ್ಲ. ಪಕ್ಷ ಒಡೆದ ಮೇಲೂ ಕಮ್ಯುನಿಸ್ಟರು, ಡಿಎಂಕೆ ಬೆಂಬಲದಿಂದ ಇಂದಿರಾ ಸರ್ಕಾರ ಉಳಿಯಿತು. ರೆಡ್ಡಿಯವರಿಗೆ ನಿಜವಾದ ಅವಕಾಶ ಬರುತ್ತಿದ್ದದ್ದು 1970ರ ಡಿಸೆಂಬರಿನಲ್ಲಿ, ಸ್ವಂತ ಬಹುಮತವಿಲ್ಲದ ಪ್ರಧಾನಿ ಅವಧಿಗಿಂತ ಒಂದು ವರ್ಷ ಮೊದಲೇ ಲೋಕಸಭೆ ವಿಸರ್ಜಿಸಿ ಎಂದಾಗ. ಗಿರಿ ಒಪ್ಪಿದರು. ರೆಡ್ಡಿ ಒಪ್ಪುತ್ತಿದ್ದರೇ?

ಈ ಊಹೆಗೆ ಇತಿಹಾಸವೇ ಒಂದು ಪರೀಕ್ಷೆ ಒದಗಿಸಿದೆ. ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. 1979ರ ಆಗಸ್ಟಿನಲ್ಲಿ, ಒಂದು ದಿನವೂ ಲೋಕಸಭೆಯನ್ನು ಎದುರಿಸದ ಪ್ರಧಾನಿ ಚರಣ್ ಸಿಂಗ್ ಅವರ ಸಲಹೆಯ ಮೇರೆಗೆ ಲೋಕಸಭೆ ವಿಸರ್ಜಿಸಿದರು. ಸರ್ಕಾರ ರಚಿಸಲು ಅವಕಾಶ ಕೇಳುತ್ತಿದ್ದ ಜಗಜೀವನ್ ರಾಮ್ ಹೊರಗುಳಿದರು. ವಿಸರ್ಜನೆಗೆ ಹಿಂಜರಿಯುವ ಸ್ವಭಾವ ಇಲ್ಲಿ ಕಾಣುವುದಿಲ್ಲ. ಹಾಗಾಗಿ 1969ರಲ್ಲಿ ರೆಡ್ಡಿ ಗೆದ್ದಿದ್ದರೆ ಇಂದಿರಾರ ಕಥೆ ಮುಗಿಯುತ್ತಿದ್ದದ್ದು ರಾಷ್ಟ್ರಪತಿಯ ಸಹಿಯಿಂದಲ್ಲ. ಸೋತ ನಾಯಕಿಯ ಬೆನ್ನಿಗೆ ಯಾವ ಸಂಸದರೂ ನಿಲ್ಲುವುದಿಲ್ಲ ಎಂಬ ಹಳೆಯ ಸತ್ಯದಿಂದ. ಗಿರಿಯವರ ಸೋಲನ್ನು ಎಲ್ಲರೂ ಇಂದಿರಾರ ಸೋಲೆಂದೇ ಓದುತ್ತಿದ್ದರು.

ಕರ್ನಾಟಕದ ಮಟ್ಟಿಗೆ ಈ ಕವಲಿನ ಫಲ ಇನ್ನೂ ನೇರ. ಪಕ್ಷ ಒಡೆದಾಗ ಇಲ್ಲಿನ ಸರ್ಕಾರ, ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಸಮೇತ, ನಿಜಲಿಂಗಪ್ಪನವರ ಕಡೆಗೇ ನಿಂತಿತು. ಇಂದಿರಾ ಬಣ ಕಟ್ಟಲು ಮುಂದಾದವರು ದೇವರಾಜ ಅರಸು. 1971ರಲ್ಲಿ ಆ ಬಣ ರಾಜ್ಯದ 27ಕ್ಕೆ 27 ಲೋಕಸಭಾ ಸ್ಥಾನ ಗೆದ್ದಿತು. 1972ರಲ್ಲಿ ಅರಸು ಮುಖ್ಯಮಂತ್ರಿಯಾದರು. ಹಿಂದುಳಿದ ವರ್ಗಗಳ ಹಾವನೂರು ಆಯೋಗ, 1974ರ ಭೂಸುಧಾರಣೆ ತಿದ್ದುಪಡಿ, ‘ಉಳುವವನೇ ಹೊಲದೊಡೆಯ’ ಎಂಬ ಮಾತು ಗೇಣಿದಾರರ ಪಹಣಿಯವರೆಗೆ ಇಳಿದದ್ದು, ಎಲ್ಲವೂ ಅಲ್ಲಿಂದ ಮುಂದಿನವು. ಒಡಕಿಲ್ಲದ ಕಾಂಗ್ರೆಸ್ಸಿನಲ್ಲಿ ಸಣ್ಣ ಸಮುದಾಯದ ಅರಸು ಆ ಎತ್ತರಕ್ಕೆ ಏರುವುದು ಸುಲಭವಿರಲಿಲ್ಲ.

ಬೆಂಗಳೂರಿನಲ್ಲಿ ತಪ್ಪಿಹೋದ ಇನ್ನೊಂದು ಹೆಸರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಂಡಳಿ ಜಗಜೀವನ್ ರಾಮ್ ಅವರನ್ನು ಒಪ್ಪಿದ್ದರೆ ದಲಿತರೊಬ್ಬರು ರಾಷ್ಟ್ರಪತಿಯಾಗಲು ದೇಶ 1997ರ ಕೆ.ಆರ್. ನಾರಾಯಣನ್ ಅವರವರೆಗೆ ಕಾಯಬೇಕಿರಲಿಲ್ಲ. ಆದರೆ 1971ರ ಯುದ್ಧಕಾಲದ ರಕ್ಷಣಾ ಮಂತ್ರಿ ಬೇರೆಯವರಾಗಿರುತ್ತಿದ್ದರು. 1977ರ ಫೆಬ್ರುವರಿ 2ರಂದು ಸಂಪುಟ ತೊರೆದು ಇಂದಿರಾ ಸರ್ಕಾರದ ಬುಡ ಅಲುಗಿಸಲು ಅವರು ರಾಜಕೀಯದಲ್ಲೇ ಇರುತ್ತಿರಲಿಲ್ಲ. ತುರ್ತು ಪರಿಸ್ಥಿತಿಯ ನಂತರದ ಚುನಾವಣೆಯಲ್ಲಿ ಗಾಳಿ ತಿರುಗಿದ ಕ್ಷಣಗಳಲ್ಲಿ ಆ ರಾಜೀನಾಮೆಯೂ ಒಂದು. ಗಾದಿ ತಪ್ಪಿದವರ ಪಟ್ಟಿಯಲ್ಲಿ ರಾಜಾಜಿಯ ಪಕ್ಕದಲ್ಲಿ ಅವರ ಹೆಸರಿರಬೇಕು.

ಒಂದು ರಾತ್ರಿ, ಒಂದು ಏಪ್ರಿಲ್

ಗಾದಿಯ ಮೇಲಿದ್ದವರ ಕೈಯಲ್ಲೇ ಎಲ್ಲವೂ ಇತ್ತು ಎಂದು ಹೇಳಲು ಸಿಗುವ ಮೊದಲ ಉದಾಹರಣೆ ಫಕ್ರುದ್ದೀನ್ ಅಲಿ ಅಹ್ಮದ್. 1975ರ ಜೂನ್ 25ರ ರಾತ್ರಿ ಸಂಪುಟ ಸೇರಿರಲಿಲ್ಲ. ಪ್ರಧಾನಿಯ ಮಾತಿನ ಮೇಲೆ ಸಹಿ ಬಿತ್ತು. ಸಂಪುಟ ಒಪ್ಪಿದ್ದು ಮರುದಿನ ಬೆಳಿಗ್ಗೆ. ಆ ಜಾಗದಲ್ಲಿ ‘ಮೊದಲು ಸಂಪುಟದ ತೀರ್ಮಾನ ತನ್ನಿ’ ಎನ್ನುವ ರಾಷ್ಟ್ರಪತಿ ಇದ್ದಿದ್ದರೆ? ಬೆಳಿಗ್ಗೆ ತುಟಿ ಬಿಚ್ಚದೆ ಒಪ್ಪಿದ ಮಂತ್ರಿಗಳು ರಾತ್ರಿ ಎದುರು ನಿಲ್ಲುತ್ತಿದ್ದರೆಂದು ನಂಬುವುದು ಕಷ್ಟ. ಬಂಧನಗಳಿಗೆ 1971ರಿಂದಲೇ ‘ಮೀಸಾ’ ಕಾಯ್ದೆ ಇತ್ತು. ಸಿಗುತ್ತಿದ್ದದ್ದು ಕೆಲವು ಗಂಟೆಗಳು ಮಾತ್ರ. ಸುದ್ದಿ ಹರಡಲು ಆ ಗಂಟೆಗಳೇ ಸಾಕಾಗುತ್ತಿದ್ದವು ಎಂಬ ವಾದಕ್ಕೂ ಬಲವಿದೆ. ಪತ್ರಿಕೆಗಳ ವಿದ್ಯುತ್ ಕಡಿದದ್ದೇ ಅದಕ್ಕೆ ಸಾಕ್ಷಿ. 1978ರ 44ನೆಯ ತಿದ್ದುಪಡಿ ಆ ಪಾಠವನ್ನು ಸಂವಿಧಾನಕ್ಕೆ ಸೇರಿಸಿತು: ಸಂಪುಟದ ಲಿಖಿತ ತೀರ್ಮಾನವಿಲ್ಲದೆ ತುರ್ತು ಪರಿಸ್ಥಿತಿ ಸಾರುವಂತಿಲ್ಲ.

ಫಕ್ರುದ್ದೀನರೂ ಅವಧಿ ಮುಗಿಸಲಿಲ್ಲ. 1977ರ ಫೆಬ್ರುವರಿ 11ರಂದು, ಚುನಾವಣೆ ಘೋಷಣೆಯಾಗಿ ಮತದಾನಕ್ಕೆ ಇನ್ನೂ ಒಂದು ತಿಂಗಳಿದ್ದಾಗ, ತೀರಿಕೊಂಡರು. ಜಮಖಂಡಿ ಸೀಮೆಯ ಸಾವಳಗಿಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ತುರ್ತು ಪರಿಸ್ಥಿತಿಯ ರದ್ದತಿ ಅವರ ಕಾಲದಲ್ಲೇ ಆಯಿತು. ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಪ್ರಮಾಣವಚನ ಬೋಧಿಸಿದ್ದೂ ಅವರೇ.

ಜತ್ತಿಯವರ ನಿಜವಾದ ಸತ್ವಪರೀಕ್ಷೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಕಾಂಗ್ರೆಸ್ ಆಳುತ್ತಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಲು ಜನತಾ ಸರ್ಕಾರ ಹೊರಟಿತು. ಜನಾದೇಶ ಕಳೆದುಕೊಂಡವರು ಮುಂದುವರಿಯಬಾರದು ಎಂಬುದು ಹೇಳಿದ ಕಾರಣ. ಬರಲಿರುವ ರಾಷ್ಟ್ರಪತಿ ಚುನಾವಣೆಯಲ್ಲಿ ಆ ವಿಧಾನಸಭೆಗಳ ಮತ ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಕಾರಣ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್ 29ರಂದು ಸೋತವು. ಆಮೇಲೂ ಜತ್ತಿ ತಡೆದರು. 30ರಂದು ಸಹಿ ಹಾಕಿದರು. ಮಂತ್ರಿಮಂಡಲದ ಸಲಹೆಗೆ ರಾಷ್ಟ್ರಪತಿ ಬದ್ಧ ಎಂದು ನೇರ ಮಾತಿನಲ್ಲಿ ಬರೆದದ್ದು ಇಂದಿರಾ ಸರ್ಕಾರದ 42ನೆಯ ತಿದ್ದುಪಡಿ. ಅದರ ಮೊದಲ ದೊಡ್ಡ ಲಾಭ ಪಡೆದದ್ದು ಇಂದಿರಾರ ವಿರೋಧಿಗಳು. ಜತ್ತಿ ಹಟ ಹಿಡಿದಿದ್ದರೆ ಹೊಸ ರಾಷ್ಟ್ರಪತಿ ಬರುವ ಜುಲೈವರೆಗೆ ಎಳೆಯಬಹುದಿತ್ತು, ಅಷ್ಟೇ. ಜೂನ್ ಚುನಾವಣೆಗಳಲ್ಲಿ ಬಂಗಾಳದಲ್ಲಿ ಎಡರಂಗ ಗೆದ್ದು 34 ವರ್ಷ ಆಳಿತು. ಕೆಲವು ತಿಂಗಳು ತಡವಾಗಿದ್ದರೂ ಅದು ಗೆಲ್ಲುತ್ತಿತ್ತೋ ಏನೋ. ಅಲ್ಲಿಂದಾಚೆ ಊಹೆಯ ದಾರ ತೆಳ್ಳಗಾಗುತ್ತದೆ.

ಅದೇ ಬೇಸಿಗೆಯಲ್ಲಿ ಮೊರಾರ್ಜಿ ರಾಷ್ಟ್ರಪತಿ ಸ್ಥಾನಕ್ಕೆ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ಅವರನ್ನು ಕೇಳಿದ್ದರು. ಅವರು ಒಲ್ಲೆ ಎಂದರು. ಒಪ್ಪಿದ್ದರೆ ಮೊದಲ ಮಹಿಳಾ ರಾಷ್ಟ್ರಪತಿ 30 ವರ್ಷ ಮೊದಲೇ ಬರುತ್ತಿದ್ದರು. ಅದಕ್ಕಿಂತ ದೊಡ್ಡದು, 1979ರ ಜುಲೈ ಬಿಕ್ಕಟ್ಟಿನಲ್ಲಿ ಯಾರನ್ನು ಕರೆಯಬೇಕೆಂಬ ತೀರ್ಮಾನ ಪಕ್ಷಗಳ ಹಳೆಯ ಲೆಕ್ಕಗಳೊಂದೂ ಇಲ್ಲದ ಒಬ್ಬ ಕಲಾವಿದೆಯ ಕೈಯಲ್ಲಿರುತ್ತಿತ್ತು. ಜಗಜೀವನ್ ರಾಮ್ ಅವರಿಗೆ ಕರೆ ಹೋಗಿದ್ದರೆ ದೇಶ ದಲಿತ ಪ್ರಧಾನಿಯೊಬ್ಬರನ್ನು ಕಾಣುತ್ತಿತ್ತು; 1980ರ ಜನವರಿಯಲ್ಲಿ ಇಂದಿರಾ ಮರಳಿದ ಆ ಚುನಾವಣೆ ಆಗ ನಡೆಯುತ್ತಿರಲಿಲ್ಲ.

ಲೆಕ್ಕ ಕೂಡದಿದ್ದಾಗ

ನನ್ನ ವಾದಕ್ಕೆ ಅಪವಾದ ಇರುವುದು ಇಲ್ಲಿಯೇ. ಯಾರಿಗೂ ಬಹುಮತವಿಲ್ಲದ ಲೋಕಸಭೆ ಬಂದಾಗ ರಾಷ್ಟ್ರಪತಿ ಯಾರೆಂಬುದು ನಿಜಕ್ಕೂ ಮುಖ್ಯವಾಗುತ್ತದೆ. 1996ರಲ್ಲಿ ಶಂಕರ ದಯಾಳ ಶರ್ಮಾ ಅತಿದೊಡ್ಡ ಪಕ್ಷವೆಂಬ ಲೆಕ್ಕದಲ್ಲಿ ವಾಜಪೇಯಿಯವರನ್ನು ಕರೆದರು. ಸರ್ಕಾರ 13 ದಿನ ಬಾಳಿತು, ಜೂನ್ 1ಕ್ಕೆ ಎಚ್.ಡಿ. ದೇವೇಗೌಡರು ಬಂದರು. 1998ರಲ್ಲಿ ನಾರಾಯಣನ್ ಬೆಂಬಲ ಪತ್ರಗಳನ್ನು ನೋಡಿಯೇ ವಾಜಪೇಯಿಯವರನ್ನು ಕರೆದದ್ದು. ಅದೇ ಅಳತೆಗೋಲು 1996ರಲ್ಲೂ ಇದ್ದಿದ್ದರೆ 13 ದಿನಗಳ ಸರ್ಕಾರವೇ ಇರುತ್ತಿರಲಿಲ್ಲ. ಸಂಸತ್ತಿನಲ್ಲಿ ವಾಜಪೇಯಿ ಅಂದು ಮಾಡಿದ ಭಾಷಣವೂ, ಅದರಿಂದ ಅವರಿಗೆ ಬಂದ ಜನಾನುರಾಗವೂ ಇರುತ್ತಿರಲಿಲ್ಲ. ಅತಿ ಚಿಕ್ಕ ಅವಧಿಯ ಸರ್ಕಾರವೇ ಮುಂದಿನ ಗೆಲುವಿನ ಬಂಡವಾಳವಾಗಬಹುದು ಎಂಬುದನ್ನು ಶರ್ಮಾ ಎಣಿಸಿರಲಾರರು.

ಶರ್ಮಾ ಅವರ ಹೆಸರು ಇನ್ನೊಂದು ಕವಲಿನಲ್ಲೂ ಇದೆ. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯ ನಂತರ ಪ್ರಧಾನಿಯಾಗುವಂತೆ ಉಪರಾಷ್ಟ್ರಪತಿಯಾಗಿದ್ದ ಅವರನ್ನು ಕೇಳಲಾಯಿತು, ವಯಸ್ಸು ಆರೋಗ್ಯಗಳ ಕಾರಣ ಅವರು ನಿರಾಕರಿಸಿದರು ಎಂದು ನಟವರ್ ಸಿಂಗ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಮೇಲಿನ ಹೆಸರೇ ಪಿ.ವಿ. ನರಸಿಂಹ ರಾವ್. ಹೆಚ್ಚು ಭಾರದ ಗಾದಿ ಒಲ್ಲದವರು ಮರುವರ್ಷ ಹಗುರದ ಗಾದಿ ಒಪ್ಪಿಕೊಂಡರು.

ಬಹುಮತದ ಸರ್ಕಾರ ಇರುವಾಗಲೂ ರಾಷ್ಟ್ರಪತಿಗೆ ಒಂದು ಅಧಿಕಾರವಿದೆ: ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಿರುಗಿಸುವುದು. ನಾರಾಯಣನ್ ಅದನ್ನು 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲೂ 1998ರಲ್ಲಿ ಬಿಹಾರದ ವಿಷಯದಲ್ಲೂ ಬಳಸಿದರು. ಎರಡು ಬಾರಿಯೂ ಕೇಂದ್ರ ಸರ್ಕಾರ ಆಗ ಹಿಂದೆ ಸರಿಯಿತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡುವ ಕಡತ ಆರ್. ವೆಂಕಟರಾಮನ್ ಮುಂದೆ ಬಂದಾಗಲೂ ಈ ದಾರಿ ತೆರೆದೇ ಇತ್ತು. ಕಡತ ವಾಪಸಾಗಿದ್ದರೆ ಬೊಮ್ಮಾಯಿ ವಿಧಾನಸಭೆಯಲ್ಲಿ ಬಲ ತೋರಿಸುವ ಅವಕಾಶ ಪಡೆಯುತ್ತಿದ್ದರು. ಆದರೆ 1994ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿಗೆ ಅವರ ಹೆಸರು ಅಂಟುತ್ತಿರಲಿಲ್ಲ. 1992ರಲ್ಲಿ ವಜಾ ಆದ ರಾಜ್ಯಗಳ ಮೊಕದ್ದಮೆಗಳು ಹೇಗೂ ಕೋರ್ಟಿಗೆ ಬರುತ್ತಿದ್ದವು, ತೀರ್ಪೂ ಬಂದೀತು. ಆದರೂ ಬಹುಮತದ ನಿರ್ಣಯ ರಾಜಭವನದಲ್ಲಿ ಆಗಕೂಡದು, ಸದನದಲ್ಲೇ ಆಗಬೇಕು ಎಂಬ ತತ್ವಕ್ಕೆ ಹೇಳಿಮಾಡಿಸಿದ ದೃಷ್ಟಾಂತ ಬೊಮ್ಮಾಯಿಯವರದೇ.

ಇತ್ತೀಚಿನ ಕವಲುಗಳನ್ನು ಬೇಗ ದಾಟಬಹುದು. 2002ರಲ್ಲಿ ಅಬ್ದುಲ್ ಕಲಾಂ ಹೆಸರು ಬರುವ ಮೊದಲು ಉಪರಾಷ್ಟ್ರಪತಿ ಕೃಷ್ಣಕಾಂತ್ ಹೆಸರು ಬಹುತೇಕ ಗಟ್ಟಿಯಾಗಿತ್ತು, ಆಮೇಲೆ ಬಿದ್ದುಹೋಯಿತು. ಕಲಾಂ ಜುಲೈ 25ರಂದು ಪ್ರಮಾಣ ಸ್ವೀಕರಿಸಿದರು. 27ರಂದು ಕೃಷ್ಣಕಾಂತ್ ತೀರಿಕೊಂಡರು. ಗಾದಿ ಅವರಿಗೆ ಸಿಕ್ಕಿ, ಸಾವೂ ಅದೇ ದಿನ ಬಂದಿದ್ದರೆ, ಹೊಸ ಉಪರಾಷ್ಟ್ರಪತಿ ಇನ್ನೂ ಆಯ್ಕೆಯಾಗಿರಲಿಲ್ಲವಾದ್ದರಿಂದ 1969ರ ಕಾನೂನು ಮತ್ತೆ ಹೊರಬಂದು ಮುಖ್ಯ ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ರಾಷ್ಟ್ರಪತಿಯ ಕೆಲಸ ವಹಿಸಿಕೊಳ್ಳಬೇಕಾಗುತ್ತಿತ್ತು. ದಿನಚರಿ ಬದಲಾದ ಮನುಷ್ಯನ ಸಾವು ಅದೇ ದಿನ ಬರುತ್ತಿತ್ತೆಂದು ಹೇಳಲು ಬಾರದು. ಪರ್ಯಾಯ ಚರಿತ್ರೆಯ ಮಿತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಇಲ್ಲ. 2012ರ ಜೂನ್‌ನಲ್ಲಿ ಮಮತಾ ಬ್ಯಾನರ್ಜಿ, ಮುಲಾಯಂ ಸಿಂಗ್ ಸೂಚಿಸಿದ ಮೂರು ಹೆಸರುಗಳಲ್ಲಿ ಮನಮೋಹನ್ ಸಿಂಗ್ ಒಬ್ಬರು. ಅವರು ರಾಷ್ಟ್ರಪತಿಯಾಗಿ ತಾವು ಪ್ರಧಾನಿಯಾಗಬಹುದೆಂಬ ಮಸುಕಾದ ಎಣಿಕೆ ಇತ್ತೆಂದು ಪ್ರಣಬ್ ಮುಖರ್ಜಿ ಬರೆದುಕೊಂಡಿದ್ದಾರೆ. ಆದದ್ದು ಅದಲು ಬದಲು. ಕಾಂಗ್ರೆಸ್ಸಿನ ಬಿಕ್ಕಟ್ಟು ಬಿಡಿಸುವುದರಲ್ಲಿ ಪಳಗಿದ್ದ ಕೈ 2014ರ ಚುನಾವಣೆಗೆ ಎರಡು ವರ್ಷ ಮೊದಲೇ ರಾಜಕೀಯದಿಂದ ಆಚೆಗೆ ಹೋಯಿತು.

ಗಾದಿಯ ನಿಜವಾದ ಬೆಲೆ

ಇಷ್ಟು ಕವಲುಗಳನ್ನು ಒಟ್ಟಿಗಿಟ್ಟರೆ ರಾಷ್ಟ್ರಪತಿ ಹುದ್ದೆಯ ಒಂದು ಗುಣ ಎದ್ದು ಕಾಣುತ್ತದೆ. ಅದು ಒಬ್ಬ ರಾಜಕಾರಣಿಯನ್ನು ಗೌರವದಿಂದ ರಾಜಕೀಯದ ಹೊರಗೆ ಕಳಿಸುತ್ತದೆ. ರಾಷ್ಟ್ರಪತಿಯಾಗಿದ್ದ ಯಾರೊಬ್ಬರೂ ಮರಳಿ ಬಂದು ಪ್ರಧಾನಿಯಾಗಿಲ್ಲ. ಹೀಗಾಗಿ ಅಲ್ಲಿಗೆ ಯಾರನ್ನು ಕಳಿಸಬೇಕು ಎಂಬ ಪ್ರಶ್ನೆಯ ಬೆನ್ನಿಗೇ ಯಾರು ಇಲ್ಲಿ ಉಳಿಯುತ್ತಾರೆ ಎಂಬ ಪ್ರಶ್ನೆಯೂ ಇರುತ್ತದೆ. ಈ ಲೆಕ್ಕ 1949ರಲ್ಲಿ ಯಾರಿಗೂ ಹೊಳೆದಂತಿಲ್ಲ. ಎರಡು ದಶಕ ಕಳೆಯುವ ಹೊತ್ತಿಗೆ ಅದು ಇಂದಿರಾರಿಗೂ ಸಿಂಡಿಕೇಟಿಗೂ ಚೆನ್ನಾಗಿ ತಿಳಿದಿತ್ತು; ಅವರ ಜಗಳವೇ ಅದು. ಸಿಂಡಿಕೇಟ್ ರೆಡ್ಡಿಯವರನ್ನು ಬಯಸಿದ್ದು ಅವರ ಸಹಿಗಾಗಿ ಎಂದು ನಾವು ಓದಿಕೊಂಡು ಬಂದಿದ್ದೇವೆ. ಆದರೆ ಆ ಚುನಾವಣೆ ನಿಜವಾಗಿ ತೀರ್ಮಾನಿಸಿದ್ದು ಪಕ್ಷ ಯಾರ ಮಾತು ಕೇಳುತ್ತದೆ ಎಂಬುದನ್ನು. ಗೆದ್ದ ಗಿರಿ ಐದು ವರ್ಷ ಯಾರ ದಾರಿಗೂ ಅಡ್ಡ ಬರಲಿಲ್ಲ.

‘ರಬ್ಬರ್ ಸ್ಟಾಂಪ್’ ಎಂಬ ಹಳೆಯ ಬೈಗುಳಕ್ಕೂ ಇಲ್ಲಿ ಅರ್ಧ ಉತ್ತರವಿದೆ. ಬಹುಮತ ಗಟ್ಟಿಯಿದ್ದಾಗ ಆ ಮಾತು ಬಹುತೇಕ ನಿಜ, ಕೆ.ಆರ್. ನಾರಾಯಣನ್ ಅವರಂಥವರು ಅದನ್ನು ಅಷ್ಟಿಷ್ಟು ಸುಳ್ಳಾಗಿಸಿದ್ದು ಸಮ್ಮಿಶ್ರ ಸರ್ಕಾರಗಳ ಕಾಲದಲ್ಲಿ. ಆದರೆ ಈ ಬೈಗುಳ ಒಳಗಿರುವವರನ್ನಷ್ಟೇ ಅಳೆಯುತ್ತದೆ. ರಾಜಾಜಿ, ಜಗಜೀವನ್ ರಾಮ್ ಅವರ ಸಾಲು ನೋಡಿದ ಮೇಲೆ ಈ ಹುದ್ದೆಯನ್ನು ಅದರ ಹೊರಗಿನ ಪರಿಣಾಮಗಳಿಂದಲೂ ಅಳೆಯಬೇಕಾಗುತ್ತದೆ.

ಮುಂದಿನ ರಾಷ್ಟ್ರಪತಿ ಆಯ್ಕೆ 2027ರ ಜುಲೈಯೊಳಗೆ ಆಗಬೇಕು. ಆಗ ಪತ್ರಿಕೆಗಳು ಗೆದ್ದವರ ಊರು, ಜಾತಿ, ಓದು, ಬಂದ ಮತಗಳ ಮೌಲ್ಯ ಎಲ್ಲವನ್ನೂ ಬರೆಯುತ್ತವೆ. ಚರ್ಚೆಗೆ ಬಂದು ಬಿದ್ದುಹೋದ ಹೆಸರುಗಳನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗೆದ್ದವರು ಐದು ವರ್ಷ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಸೋತವರಿಗೂ ಕೈಬಿಟ್ಟವರಿಗೂ ಅಂಥ ಕಟ್ಟುಪಾಡೇನೂ ಇಲ್ಲ.